ಘಾಟಿ ಇಳಿಯುವಾಗ ನಿಧಾನ: ಖಿನ್ನತೆಯ ಮಾತ್ರೆ ತಾಳಿಕೊಳ್ಳುವುದು, ಬಿಡುವುದು ಹೇಗೆ?

ದೀಪಾವಳಿ ಬೋನಸ್ ಬಟವಾಡೆಯಾದ ಸಂಜೆ ತಿರುಪ್ಪೂರಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬನಿಯನ್ ಕಂಪನಿಗಳಿಗೆ ಬೀಗ ಬಿದ್ದಿದೆ, ಮುಂದೆ ಕೆಲವು ದಿನ ರಜೆ. ತಾಳವಾಡಿ, ಚಾಮರಾಜನಗರದ ಕಡೆಯವರು ಸತ್ಯಮಂಗಲದ ಬಸ್ಸು ಹುಡುಕುತ್ತಿರುತ್ತಾರೆ. ಚೀಲದಲ್ಲಿ ಮಕ್ಕಳ ಬಟ್ಟೆ, ಸಿಹಿ, ಅಮ್ಮನಿಗೊಂದು ಸೀರೆ ಎಲ್ಲ ಇದೆ. ಬಾಡಿಗೆ ಮನೆಯ ಗೂಡಿನಲ್ಲಿಟ್ಟ ಮಾತ್ರೆಯ ಸ್ಟ್ರಿಪ್ ಮಾತ್ರ ಅಲ್ಲೇ ಉಳಿದಿದೆ.

ಊರು ತಲುಪಿದ ಮೂರನೇ ದಿನ ತಲೆ ಜೋಲಿ ಹೊಡೆಯಲು ಶುರುವಾಗುತ್ತದೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ರಾತ್ರಿಯೆಲ್ಲ ಕೆಟ್ಟ ಕನಸು, ಬೆಳಿಗ್ಗೆ ಕಾರಣವಿಲ್ಲದ ಅಳು, ಮಕ್ಕಳ ಮೇಲೆ ಸಿಡಿಮಿಡಿ. ಅಮ್ಮ ದೃಷ್ಟಿ ತೆಗೆಯುತ್ತಾಳೆ. ಅಣ್ಣ, ದಿಂಬಂ ಘಾಟಿಯ ತಿರುವುಗಳಿಗೆ ಪಿತ್ತ ಕೆರಳಿದೆ ಎನ್ನುತ್ತಾನೆ. ಮಾತ್ರೆ ನುಂಗುತ್ತಿದ್ದವರಿಗೆ ಹಳೆಯ ಕಾಯಿಲೆಯೇ ಮತ್ತೆ ಬಂತೆಂಬ ದಿಗಿಲು. ಹಲವು ಸಲ ಈ ಮೂರೂ ಸರಿಯಲ್ಲ. ತಿಂಗಳುಗಟ್ಟಲೆ ಬರುತ್ತಿದ್ದ ಔಷಧ ದಿಢೀರನೆ ನಿಂತಾಗ ಮಿದುಳು ತಡವರಿಸುವ ಬಗೆ ಇದು.

ಖಿನ್ನತೆಯ ಮಾತ್ರೆ ಎಷ್ಟೋ ಜೀವಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಅದನ್ನು ಶುರು ಮಾಡುವಾಗ ತಾಳ್ಮೆ ಬೇಕು, ಬಿಡುವಾಗ ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಿರುವ ದೇವಾಂಗರು, ಒಕ್ಕಲಿಗರು ಮತ್ತು ಈಚೆಗೆ ಕೆಲಸಕ್ಕೆಂದು ಬಂದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡಕ್ಕೂ ಬೇಕಾದ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲು ಸ್ಟ್ರಿಪ್ ಓದಿ

"ನರಂಬು ತಳರ್ಚಿಗೆ ಮಾತ್ರೆ", "ನಿದ್ದೆ ಮಾತ್ರೆ", "ಟೆನ್ಷನ್ ಮಾತ್ರೆ". ನಮ್ಮ ಕಡೆ ಖಿನ್ನತೆಯ ಔಷಧಕ್ಕೆ ಇರುವ ಹೆಸರುಗಳಿವು. ಸಂಕೋಚಕ್ಕೆ ಹುಟ್ಟಿದ ಈ ಹೆಸರುಗಳಿಂದ ಒಂದು ತೊಂದರೆಯಿದೆ: ಒಳಗಿರುವ ಔಷಧ ಯಾವುದೆಂದು ನುಂಗುವವರಿಗೇ ತಿಳಿದಿರುವುದಿಲ್ಲ.

ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ನೋಡಿ. ಎಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಇವು ಒಂದು ಗುಂಪು. ವೆನ್ಲಾಫ್ಯಾಕ್ಸಿನ್, ಡೆಸ್‌ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್ ಇನ್ನೊಂದು. ಅಮಿಟ್ರಿಪ್ಟಲಿನ್, ಇಮಿಪ್ರಮಿನ್ ಹಳೆಯ ಗುಂಪು. ಮಿರ್ಟಾಜಪಿನ್ ಬೇರೆಯದೇ ಬಗೆ. ಮೈಗ್ರೇನ್‌ಗೆ, ಸಕ್ಕರೆ ಕಾಯಿಲೆಯ ಪಾದದ ಉರಿಗೆ, ಹಳೆಯ ಸೊಂಟನೋವಿಗೆ ಕೊಡುವ ಅಮಿಟ್ರಿಪ್ಟಲಿನ್ ಮತ್ತು ಡುಲೊಕ್ಸೆಟಿನ್ ಕೂಡ ಇದೇ ಔಷಧಗಳು. ನೋವಿಗೆ ಕೊಟ್ಟದ್ದಲ್ಲವೇ ಎಂದು ದಿಢೀರನೆ ಬಿಟ್ಟರೂ ತೊಂದರೆ ಕಾಣಿಸಿಕೊಳ್ಳಬಹುದು.

ಎರಡು ಹೆಸರು ಒಟ್ಟಿಗಿದ್ದರೆ ಇನ್ನೂ ಎಚ್ಚರ. ಎಸಿಟಲೋಪ್ರಾಮ್ ಜೊತೆ ಕ್ಲೊನಾಜೆಪಾಮ್, ಅಮಿಟ್ರಿಪ್ಟಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿಸಿದ ಜೋಡಿ ಮಾತ್ರೆಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಬರೆಯಲ್ಪಡುತ್ತವೆ. ಎರಡನೆಯ ಹೆಸರಿನ ಔಷಧ ಬೆನ್ಜೋಡಯಾಜೆಪಿನ್ ವರ್ಗದ್ದು, ಬೇಗ ರೂಢಿಗೆ ಬೀಳುವಂಥದ್ದು. ಬಹುಕಾಲ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಜೋಡಿ ಮಾತ್ರೆಯನ್ನು ಇಳಿಸುವುದೆಂದರೆ ಎರಡು ಔಷಧಗಳನ್ನು ಇಳಿಸುವುದು. ಡಾಕ್ಟರು ಬೇರೆಬೇರೆಯಾಗಿ ಬರೆದುಕೊಟ್ಟರೆ ಮಾತ್ರ ಅದು ಕ್ರಮವಾಗಿ ನಡೆಯುತ್ತದೆ.

ಮೆಡಿಕಲ್ ಶಾಪಿನಲ್ಲಿ ಐದೇ ಮಾತ್ರೆ ಕತ್ತರಿಸಿ ಕೊಂಡರೆ ಹೆಸರೂ ಅವಧಿಯೂ ಆ ಕಡೆಯ ತುಂಡಿನಲ್ಲಿ ಉಳಿಯಬಹುದು. ಹೆಸರಿರುವ ತುಂಡನ್ನೇ ಕೇಳಿ ಪಡೆಯಿರಿ, ಅಥವಾ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಖರ್ಚು ಮೊದಲು, ಆದಾಯ ಆಮೇಲೆ

ಈ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅಡ್ಡಪರಿಣಾಮ ಮೊದಲ ದಿನದಿಂದಲೇ ಬರಬಹುದು. ವ್ಯಾಪಾರದ ಊರಿನವರಿಗೆ ಈ ಲೆಕ್ಕ ಹೊಸದೇನಲ್ಲ, ಬಂಡವಾಳ ಮೊದಲು ಹೋಗುತ್ತದೆ, ಲಾಭ ತಡವಾಗಿ ಬರುತ್ತದೆ. "ಒಳ್ಳೇದಾಗಲಿ ಅಂತ ತಗೊಂಡರೆ ಹೊಟ್ಟೆ ತೊಳೆಸುತ್ತೆ" ಎಂದು ನಾಲ್ಕನೇ ದಿನಕ್ಕೇ ಬಿಡುವವರು ಖರ್ಚು ಮಾತ್ರ ಮಾಡಿಕೊಂಡಿರುತ್ತಾರೆ.

ಹೊಟ್ಟೆ ತೊಳೆಸುವುದೇಕೆ? ಈ ಔಷಧಗಳು ಕೆಲಸ ಮಾಡುವ ಸೆರೊಟೋನಿನ್ ಎಂಬ ರಾಸಾಯನಿಕದ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಹೀಗಾಗಿ ಓಕರಿಕೆ, ಭೇದಿ, ಹಸಿವಿಲ್ಲದಿರುವುದು ಮೊದಲು ಬರುತ್ತವೆ, ಬಹುಮಂದಿಗೆ ಒಂದೆರಡು ವಾರದಲ್ಲಿ ಇಳಿಯುತ್ತವೆ. ಖಾಲಿ ಹೊಟ್ಟೆಗೆ ಕಾಫಿ ಕುಡಿದು ಮಾತ್ರೆ ನುಂಗಬೇಡಿ. ಎರಡು ಇಡ್ಲಿಯೋ ಒಂದು ಲೋಟ ಗಂಜಿಯೋ ಹೊಟ್ಟೆಗೆ ಬಿದ್ದ ಮೇಲೆ ತೆಗೆದುಕೊಳ್ಳಿ. ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪಸ್ವಲ್ಪವಾಗಿ ಉಣ್ಣಿ.

ನಿದ್ದೆಯ ಲೆಕ್ಕವೂ ಇದೆ. ಫ್ಲುಯೊಕ್ಸೆಟಿನ್‌ನಂಥವು ಕೆಲವರ ನಿದ್ದೆ ಕೆಡಿಸುತ್ತವೆ, ಅಂಥವರಿಗೆ ಬೆಳಗಿನ ಹೊತ್ತು ಒಳ್ಳೆಯದು. ಮಿರ್ಟಾಜಪಿನ್, ಅಮಿಟ್ರಿಪ್ಟಲಿನ್ ತೂಕಡಿಕೆ ತರುತ್ತವೆ, ಅವು ರಾತ್ರಿಗೆ ಸರಿ. ಆದರೆ ತಿರುಪ್ಪೂರಿನಲ್ಲಿ "ಒಂದೂವರೆ ಶಿಫ್ಟ್" ದುಡಿಯುವವರಿಗೆ ರಾತ್ರಿಯೆಂದರೆ ಯಾವುದು? ನಿಮ್ಮ ಶಿಫ್ಟಿನ ಗಂಟೆಗಳನ್ನು ಡಾಕ್ಟರಿಗೆ ಹೇಳಿ, ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ. ವಾರಕ್ಕೊಮ್ಮೆ ಶಿಫ್ಟ್ ಬದಲಾದರೂ ಮಾತ್ರೆಯ ಗಂಟೆ ಬದಲಾಗದಿರಲಿ. ಶುರುವಿನ ದಿನಗಳಲ್ಲಿ ತೂಕಡಿಕೆಯಿದ್ದರೆ ಕಟಿಂಗ್ ಮೆಷಿನ್, ಪವರ್‌ಲೂಮ್, ಬೈಕು ಇವುಗಳಿಂದ ದೂರವಿರಿ.

ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಈ ವಾರಗಳಲ್ಲಿ ಮನೆಯವರು ಗಮನಿಸಬೇಕಾದ ಒಂದು ಸಂಗತಿ ಇದೆ. 25 ವರ್ಷದೊಳಗಿನವರಲ್ಲಿ, ಶುರುವಿನಲ್ಲಿ ಮತ್ತು ಡೋಸ್ ಬದಲಾದಾಗ, ಕೆಲವರಿಗೆ ಚಡಪಡಿಕೆ ಹೆಚ್ಚಿ ಸಾಯುವ ಯೋಚನೆ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು, ಹದಿಹರೆಯದವರ ಬಗ್ಗೆ ಕೊಟ್ಟ ಈ ಎಚ್ಚರಿಕೆಯನ್ನು 2007ರಲ್ಲಿ 24ರ ವಯಸ್ಸಿನವರೆಗೂ ವಿಸ್ತರಿಸಿತು. ಹಾಸ್ಟೆಲಿನಲ್ಲಿ ಒಂಟಿಯಾಗಿರುವ ಮಗಳಿಗೋ ಮಗನಿಗೋ ಮೊದಲ ತಿಂಗಳು ದಿನಕ್ಕೊಂದು ಫೋನ್ ಮಾಡಿ.

ಹೋಗದೆ ಉಳಿಯುವ ತೊಂದರೆಗಳು

ಎಲ್ಲವೂ ಎರಡು ವಾರಕ್ಕೆ ಇಳಿಯುವುದಿಲ್ಲ. ಲೈಂಗಿಕ ಆಸಕ್ತಿ ಕುಗ್ಗುವುದು, ತೃಪ್ತಿ ತಡವಾಗುವುದು ಎಸಿಟಲೋಪ್ರಾಮ್, ಸರ್ಟ್ರಲಿನ್ ಗುಂಪಿನಲ್ಲಿ ಸಾಮಾನ್ಯ. ಯಾರೂ ಬಾಯಿ ಬಿಡದ ತೊಂದರೆಯೂ ಇದೇ, ಎಷ್ಟೋ ಜನ ಹೇಳದೆ ಕೇಳದೆ ಮಾತ್ರೆ ಬಿಡುವುದೂ ಇದಕ್ಕಾಗಿಯೇ. ಡೋಸ್ ತಗ್ಗಿಸಬಹುದು, ಈ ತೊಂದರೆ ಕಡಿಮೆಯಿರುವ ಮಿರ್ಟಾಜಪಿನ್, ಬುಪ್ರೊಪಿಯಾನ್‌ನಂಥ ಬೇರೆ ಔಷಧಕ್ಕೆ ಬದಲಿಸಬಹುದು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಡಾಕ್ಟರ ಕೈಗಿಡಿ.

"ದುಃಖವೂ ಇಲ್ಲ, ಸಂತೋಷವೂ ಇಲ್ಲ, ಎಲ್ಲ ಮರಗಟ್ಟಿದ ಹಾಗೆ" ಎನ್ನುವ ಸ್ಥಿತಿಯೂ ಕೆಲವರದು. ಕಾಯಿಲೆಯೇ ಹೀಗೆ ಅಂದುಕೊಂಡು ಸುಮ್ಮನಿರಬೇಡಿ, ಡೋಸ್ ಹೆಚ್ಚಾಗಿರಬಹುದು.

ಮಿರ್ಟಾಜಪಿನ್, ಅಮಿಟ್ರಿಪ್ಟಲಿನ್ ತೆಗೆದುಕೊಳ್ಳುವವರು ತಿಂಗಳಿಗೊಮ್ಮೆ ತೂಕ ನೋಡಿಕೊಳ್ಳಿ. ಅಮಿಟ್ರಿಪ್ಟಲಿನ್‌ಗೆ ಬಾಯಿ ಒಣಗುವುದು, ಮಲಬದ್ಧತೆ ಜೊತೆಗೇ ಬರುತ್ತವೆ. ಗುಟುಕು ಗುಟುಕಾಗಿ ನೀರು, ಮಜ್ಜಿಗೆ, ಸೊಪ್ಪು, ರಾಗಿ, ಸಂಜೆಯ ನಡಿಗೆ ನೆರವಾಗುತ್ತವೆ. ಪ್ರಾಸ್ಟೇಟ್ ಊತ, ಕೆಲವು ಬಗೆಯ ಗ್ಲಾಕೋಮ, ಹೃದಯದ ಲಯದ ತೊಂದರೆ ಇರುವವರು ಈ ಔಷಧ ಶುರುವಾಗುವ ಮೊದಲೇ ಅದನ್ನು ಹೇಳಬೇಕು.

ಬೆವರು ಹೆಚ್ಚುವುದು ಈ ಮಾತ್ರೆಗಳ ಮತ್ತೊಂದು ಗುಣ. ಏಪ್ರಿಲ್, ಮೇ ತಿಂಗಳಲ್ಲಿ ಇಸ್ತ್ರಿ ಟೇಬಲ್ ಮುಂದೆ ನಿಲ್ಲುವವರಿಗೆ ಇದು ಸಣ್ಣ ಮಾತಲ್ಲ. 65 ದಾಟಿದವರಲ್ಲಿ, ಅದರಲ್ಲೂ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿಯಬಹುದು. ಅಜ್ಜಿ ಇದ್ದಕ್ಕಿದ್ದಂತೆ ಗೊಂದಲದ ಮಾತಾಡಿದರೆ, ತಲೆನೋವೆಂದರೆ, ಮೇಲಿಂದ ಮೇಲೆ ಬಿದ್ದರೆ, "ವಯಸ್ಸಾಯಿತು" ಎಂದು ತಳ್ಳಿಹಾಕದೆ ಸೋಡಿಯಂ ಪರೀಕ್ಷೆ ಮಾಡಿಸಿ.

ಜೊತೆಗೆ ಬೆರೆಸಬಾರದ್ದು

ಇಡೀ ದಿನ ಹೊಲಿಗೆ ಮೆಷಿನ್ ಮುಂದೆ ಕುಳಿತವರಿಗೆ ಕತ್ತು, ಸೊಂಟ ಹಿಡಿಯುವುದು ಸಹಜ. ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೇಳುವುದೂ ರೂಢಿ. ಎಸಿಟಲೋಪ್ರಾಮ್ ಗುಂಪಿನ ಮಾತ್ರೆಯ ಜೊತೆ ಇವು ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಬಗ್ಗೆ ವಿಚಾರಿಸಿ. ಮಲ ಟಾರಿನಂತೆ ಕಪ್ಪಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಟ್ರಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್, ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್ ಇವು ಜೊತೆಯಾದರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಬೆವರು, ಗೊಂದಲ ಬರಬಹುದು. ಯಾವ ಡಾಕ್ಟರ ಬಳಿ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ಈ ಮಾತ್ರೆಯ ಹೆಸರು ಹೇಳಿ. ಶನಿವಾರ ಸಂಬಳ ಕೈಗೆ ಬಂದ ಮೇಲೆ ಟಾಸ್ಮಾಕ್ ಮದ್ಯದಂಗಡಿಯ ಕಡೆ ಕಾಲು ಹಾಕುವವರಿಗೂ ಒಂದು ಮಾತು: ಮದ್ಯ ತಾನೇ ಖಿನ್ನತೆ ತರುವ ವಸ್ತು, ಮಾತ್ರೆಯ ತೂಕಡಿಕೆಯನ್ನೂ ಹೆಚ್ಚಿಸುತ್ತದೆ. ಹಾಗೆಂದು ಕುಡಿಯುವ ದಿನ ಮಾತ್ರೆ ಬಿಡುವುದು ಎರಡನೆಯ ತಪ್ಪು.

ಬಿಟ್ಟಾಗ ಆಗುವುದೇನು?

ಇಮಿಪ್ರಮಿನ್ ಎಂಬ ಮೊದಲ ಕಾಲದ ಔಷಧ ಖಿನ್ನತೆಗೆ ಗುಣಕಾರಿ ಎಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ 1957ರಲ್ಲಿ ಪ್ರಕಟಿಸಿದರು. ಅದನ್ನು ಬಿಟ್ಟಾಗ ತೊಂದರೆ ಬರುತ್ತದೆಂಬ ವರದಿ 1959ರಷ್ಟು ಹಿಂದೆಯೇ ಬಂದಿದೆ. ಆದರೂ ಬಹುಕಾಲ ವೈದ್ಯಲೋಕ ಇದನ್ನು "ಒಂದೆರಡು ವಾರದ ಸಣ್ಣ ಕಿರಿಕಿರಿ" ಎಂದೇ ಹೇಳುತ್ತಿತ್ತು. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2019ರಲ್ಲಿ ನಿಲುವು ಬದಲಿಸಿ, ಕೆಲವರಿಗೆ ಇದು ತೀವ್ರವಾಗಿರುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ ಎಂದು ಒಪ್ಪಿಕೊಂಡಿತು.

ಎಷ್ಟು ಮಂದಿಗೆ? ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆ 2024ರಲ್ಲಿ 79 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮಾತ್ರೆ ಬಿಟ್ಟವರಲ್ಲಿ ಸುಮಾರು ಶೇ 31 ಮಂದಿಗೆ ಏನಾದರೊಂದು ಲಕ್ಷಣ ಕಾಣಿಸಿತು. ಔಷಧವಿಲ್ಲದ ಹುಸಿ ಮಾತ್ರೆ ಬಿಟ್ಟವರಲ್ಲೂ ಶೇ 17 ಮಂದಿಗೆ ಕಾಣಿಸಿತು. ನಿಜವಾಗಿ ಔಷಧದ ಪಾಲು ಆರೇಳು ಜನರಲ್ಲಿ ಒಬ್ಬರಿಗೆ. ತೀವ್ರ ತೊಂದರೆ ಸುಮಾರು ಶೇ 3 ಮಂದಿಗೆ. ಭಯಪಟ್ಟು ಮಾತ್ರೆಯನ್ನೇ ಮುಟ್ಟದಿರಲು ಇದು ಕಾರಣವಲ್ಲ. ತೊಂದರೆ ಅನುಭವಿಸುವವರಿಗೆ "ಎಲ್ಲ ನಿನ್ನ ಭ್ರಮೆ" ಎನ್ನಲೂ ಇದು ಅವಕಾಶ ಕೊಡುವುದಿಲ್ಲ.

ಯಾವ ಔಷಧ ಎಂಬುದೂ ಮುಖ್ಯ. ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ದೇಹದಿಂದ ಬೇಗ ಖಾಲಿಯಾಗುತ್ತವೆ, ಒಂದೆರಡು ಹೊತ್ತು ತಪ್ಪಿದರೂ ಕೆಲವರಿಗೆ ತಿಳಿಯುತ್ತದೆ. ಫ್ಲುಯೊಕ್ಸೆಟಿನ್ ವಾರಗಟ್ಟಲೆ ದೇಹದಲ್ಲಿ ಉಳಿದು ತಾನಾಗಿ ನಿಧಾನಕ್ಕೆ ಇಳಿಯುತ್ತದೆ, ತೊಂದರೆ ಕಡಿಮೆ, ಬಂದರೂ ತಡವಾಗಿ ಬರಬಹುದು.

ಹಾಗಾದರೆ ಇದು ಚಟವೇ? ಅಲ್ಲ. ಚಟದಲ್ಲಿ ಹಂಬಲವಿದೆ, ದಿನದಿನಕ್ಕೂ ಹೆಚ್ಚು ಬೇಕೆನಿಸುತ್ತದೆ. ಇಲ್ಲಿ ಅದಿಲ್ಲ. ದೇಹ ಔಷಧಕ್ಕೆ ಒಗ್ಗಿಕೊಂಡಿದೆ, ಹಿಂದಿನ ಸ್ಥಿತಿಗೆ ಹೊಂದಿಕೊಳ್ಳಲು ಕಾಲ ಕೇಳುತ್ತದೆ, ಅಷ್ಟೇ.

ಹಳೆಯ ಕಾಯಿಲೆಯೋ, ಬಿಟ್ಟಿದ್ದರ ತೊಂದರೆಯೋ?

ಬಹುಮಂದಿ ಎಡವುವುದು ಇಲ್ಲೇ. ಗುರುತಿಸಲು ಮೂರು ಸುಳಿವುಗಳಿವೆ.

ಮೊದಲನೆಯದು ಸಮಯ. ಬಿಟ್ಟಿದ್ದರ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಲೆಯೆತ್ತುತ್ತದೆ. ಕಾಯಿಲೆ ಮರುಕಳಿಸುವುದು ವಾರ, ತಿಂಗಳುಗಳ ಮೇಲೆ, ಮೆಲ್ಲಗೆ.

ಎರಡನೆಯದು ಲಕ್ಷಣ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಓಕರಿಕೆ, ಫ್ಲೂ ಬಂದಂಥ ಮೈಕೈ ನೋವು, ಕಣ್ಣಿಗೆ ಕಟ್ಟಿದಂಥ ಕನಸು ಇವು ಮೊದಲು ಕಾಯಿಲೆ ಬಂದಾಗ ಇರಲಿಲ್ಲವಲ್ಲ? ಹಾಗಿದ್ದರೆ ಮಾತ್ರೆ ಬಿಟ್ಟಿದ್ದರ ಕಡೆಗೇ ಸುಳಿವು.

ಮೂರನೆಯದು ಪರಿಹಾರ. ಹಿಂದಿನ ಡೋಸಿಗೆ ಮರಳಿದರೆ ಬಿಟ್ಟಿದ್ದರ ತೊಂದರೆ ಬಹುತೇಕ ಒಂದೆರಡು ದಿನದಲ್ಲೇ ಹಗುರಾಗುತ್ತದೆ. ಮರುಕಳಿಸಿದ ಖಿನ್ನತೆಗೆ ವಾರಗಳೇ ಬೇಕು.

ತಮಿಳು ಡಾಕ್ಟರ ಮುಂದೆ ಇದನ್ನು ಹೇಳುವಾಗ ಬರೀ "ಮಯಕ್ಕಂ" ಎಂದು ನಿಲ್ಲಿಸಿದರೆ ರಕ್ತಹೀನತೆಯೋ ಬಿಪಿಯೋ ಎಂದಾರು. "ಮಾತ್ತಿರೈ ನಿಲ್ಲಿಸಿ ಇಷ್ಟು ದಿನ, ತಲೆಯೊಳಗೆ ಷಾಕ್ ಅಡಿಕ್ಕಿರ ಮಾದಿರಿ" ಎಂದು ದಿನದ ಲೆಕ್ಕದ ಸಮೇತ ಹೇಳಿ. ಭಾಷೆ ಅರೆಬರೆಯಾದರೂ ದಿನಾಂಕ ಸರಿಯಾಗಿರಲಿ.

ಇಳಿಯುವ ಕ್ರಮ

ಎಂದು ಬಿಡಬಹುದು? ಮೊದಲ ಸಲದ ಖಿನ್ನತೆಯಾದರೆ, ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿಯ ಸಲಹೆ. ಪದೇಪದೇ ಬರುವವರಿಗೆ ಎರಡು ವರ್ಷ ಅಥವಾ ಹೆಚ್ಚು. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತ ಚೆನ್ನಾಗಿದ್ದ 478 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟವರಲ್ಲಿ ಶೇ 56 ಮಂದಿಗೆ, ಮುಂದುವರಿಸಿದವರಲ್ಲಿ ಶೇ 39 ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು. ಬಿಟ್ಟವರೆಲ್ಲ ಮತ್ತೆ ಬೀಳುವುದಿಲ್ಲ, ಮುಂದುವರಿಸಿದವರೆಲ್ಲ ಉಳಿಯುವುದೂ ಇಲ್ಲ. ನಿಮ್ಮ ಲೆಕ್ಕ ನಿಮ್ಮದು, ಅದನ್ನು ಡಾಕ್ಟರ ಜೊತೆ ಕುಳಿತೇ ಹಾಕಬೇಕು.

ಇಳಿಸುವ ಬಗೆಗೆ ದಿಂಬಂ ಘಾಟಿಯನ್ನು ನೆನೆಸಿಕೊಳ್ಳಿ. 27 ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ಯಾವ ಡ್ರೈವರೂ ನ್ಯೂಟ್ರಲ್‌ನಲ್ಲಿ ಇಳಿಯುವುದಿಲ್ಲ. ತಿರುವು ಕಡಿದಾದಷ್ಟೂ ಗೇರ್ ತಗ್ಗಿಸುತ್ತಾನೆ. ಮಾತ್ರೆಯ ಘಾಟಿಯಲ್ಲಿ ಕಡಿದಾದ ತಿರುವುಗಳಿರುವುದು ಕೊನೆಯಲ್ಲಿ.

ಕಾರಣವಿದೆ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಇದನ್ನು ವಿವರಿಸಿದರು. ಎಸಿಟಲೋಪ್ರಾಮ್ ಗುಂಪಿನದೇ ಆದ ಸಿಟಲೋಪ್ರಾಮ್ ಎಂಬ ಔಷಧವನ್ನು 20 ಮಿಲಿಗ್ರಾಂ ತೆಗೆದುಕೊಂಡಾಗ ಮಿದುಳಿನಲ್ಲಿ ಔಷಧ ಹಿಡಿದು ಕೂರುವ ಸ್ಥಾನಗಳಲ್ಲಿ ಸುಮಾರು ಶೇ 80 ತುಂಬಿರುತ್ತವೆ. ಅದನ್ನು 9 ಮಿಲಿಗ್ರಾಂಗೆ ಇಳಿಸಿದರೂ ಸುಮಾರು ಶೇ 70 ತುಂಬಿರುತ್ತವೆ, ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿದರೂ ಇಳಿದದ್ದು ಹತ್ತೇ. ಸುಮಾರು ಮೂರೂವರೆ ಮಿಲಿಗ್ರಾಂನಲ್ಲೂ ಅರ್ಧದಷ್ಟು ತುಂಬಿರುತ್ತವೆ. ಅಂದರೆ ಮೊದಲ ಅರ್ಧ ಮಾತ್ರೆ ಬಿಡುವುದು ಸಮತಟ್ಟು ದಾರಿ, ಕೊನೆಯ ಅರ್ಧ ಮಾತ್ರೆ ಪ್ರಪಾತ. "ಅರ್ಧಕ್ಕೆ ಇಳಿಸಿದಾಗ ಏನೂ ಆಗಲಿಲ್ಲ, ಪೂರ್ತಿ ಬಿಟ್ಟರೆ ಹೀಗಾಯ್ತು" ಎಂಬ ದೂರಿನ ಗುಟ್ಟು ಇದೇ.

ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2022ರ ಖಿನ್ನತೆ ಚಿಕಿತ್ಸೆಯ ಮಾರ್ಗಸೂಚಿಯೂ ಹಂತಹಂತವಾಗಿ, ಹಿಂದಿನ ಡೋಸಿನ ಒಂದು ಪಾಲನ್ನು ಮಾತ್ರ ತಗ್ಗಿಸುತ್ತ, ಕೊನೆಯಲ್ಲಿ ಇನ್ನೂ ಸಣ್ಣ ಹೆಜ್ಜೆಯಿಡಿ ಎನ್ನುತ್ತದೆ. ಡಾಕ್ಟರ ಬಳಿ ಮಾತಾಡುವಾಗ ಈ ಅಂಶಗಳು ನೆನಪಿರಲಿ:

• ಒಂದು ಹೆಜ್ಜೆ ಇಳಿದ ಮೇಲೆ ಎರಡರಿಂದ ನಾಲ್ಕು ವಾರ ಅಲ್ಲೇ ನಿಲ್ಲಿ. ತೊಂದರೆ ತಣ್ಣಗಾದ ಮೇಲೆ ಮುಂದಿನ ಹೆಜ್ಜೆ. ಕೆಲವೇ ವಾರ ತೆಗೆದುಕೊಂಡವರಿಗೆ ಬೇಗ ಮುಗಿಯಬಹುದು, ವರ್ಷಗಟ್ಟಲೆ ತೆಗೆದುಕೊಂಡವರಿಗೆ ತಿಂಗಳುಗಳೇ ಹಿಡಿಯಬಹುದು.

• ತಾಳಲಾಗದಷ್ಟು ಕಷ್ಟವಾದರೆ ಡಾಕ್ಟರನ್ನು ಸಂಪರ್ಕಿಸಿ ಹಿಂದಿನ ಡೋಸಿಗೆ ಮರಳಿ. ಅದು ಸೋಲಲ್ಲ. ಮುಂದಿನ ಹೆಜ್ಜೆ ಚಿಕ್ಕದಿರಲಿ.

• ದಿನ ಬಿಟ್ಟು ದಿನ ನುಂಗುವ ಉಪಾಯ ಬೇಡ. ಬೇಗ ಖಾಲಿಯಾಗುವ ಔಷಧಗಳಲ್ಲಿ ಅದು ದಿನವೂ ಏರಿಳಿತ ತರುತ್ತದೆ.

• ಎಲ್ಲ ಮಾತ್ರೆಯನ್ನೂ ಮುರಿಯಬಾರದು. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ, ಡುಲೊಕ್ಸೆಟಿನ್‌ನಂಥ ಕ್ಯಾಪ್ಸೂಲ್‌ಗಳನ್ನು ಒಡೆದರೆ ಕೆಲಸ ಕೆಡುತ್ತದೆ. ಕಡಿಮೆ ಶಕ್ತಿಯ ಮಾತ್ರೆ ಅಥವಾ ದ್ರವರೂಪ ಇದೆಯೇ ಎಂದು ಕೇಳಿ.

• ಶಿಪ್‌ಮೆಂಟ್ ಒತ್ತಡ, ಮನೆಯಲ್ಲಿ ಮದುವೆ, ಮಕ್ಕಳ ಪರೀಕ್ಷೆ ಇರುವ ತಿಂಗಳಲ್ಲಿ ಶುರು ಮಾಡಬೇಡಿ.

• ಗೋಡೆಯ ದಿನಗಾಲೆಂಡರಿನಲ್ಲಿ ಆ ದಿನದ ಡೋಸ್, ನಿದ್ದೆ, ಮೈಯ ತೊಂದರೆ ಒಂದೊಂದು ಪದದಲ್ಲಿ ಬರೆಯಿರಿ. ಹಾಳೆ ಹರಿದು ಎಸೆಯದೆ ದಾರದಲ್ಲಿ ಪೋಣಿಸಿಟ್ಟು ಡಾಕ್ಟರಿಗೆ ತೋರಿಸಿ.

• ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ನಿಮ್ಮ ಸಿಡುಕಿಗೆ ಕಾರಣ ಗೊತ್ತಿರುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ಜಗಳ ತಪ್ಪುತ್ತದೆ.

• ಗರ್ಭಿಣಿಯೆಂದು ಗೊತ್ತಾದ ದಿನವೇ ಗಾಬರಿಯಿಂದ ಮಾತ್ರೆ ಎಸೆಯಬೇಡಿ. ಹೆರಿಗೆ ಡಾಕ್ಟರು, ಮನೋವೈದ್ಯರು ಇಬ್ಬರನ್ನೂ ಕೇಳಿ.

ಹತ್ತಿರದಲ್ಲೇ ಏನಿದೆ?

ಕೊಯಮತ್ತೂರಿನ ಜನ ಜಿಎಚ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, 2022ರ ಜನವರಿಯಲ್ಲಿ ಉದ್ಘಾಟನೆಯಾದ ತಿರುಪ್ಪೂರು ಸರ್ಕಾರಿ ಮೆಡಿಕಲ್ ಕಾಲೇಜು, ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ಸಿಂಗಾನಲ್ಲೂರಿನ ಇಎಸ್‌ಐ ಆಸ್ಪತ್ರೆ ಇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಅಮಿಟ್ರಿಪ್ಟಲಿನ್, ಎಸಿಟಲೋಪ್ರಾಮ್, ಫ್ಲುಯೊಕ್ಸೆಟಿನ್ ಮೂರೂ ದೇಶದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಜಿಲ್ಲೆಗಳಿಗೆ ಮನೋವೈದ್ಯ ಸೇವೆ ತಲುಪಿಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾದರಿಯ ಮೇಲೆ.

ಕನ್ನಡದಲ್ಲೇ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು, ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ.

ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಅಳುಕು ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಸಿಗಬೇಕೆಂದೂ ಅದು ಹೇಳುತ್ತದೆ.

ಇವು ಕಂಡರೆ ಕಾಯಬೇಡಿ

ಸಾಯುವ ಯೋಚನೆ, ಫಿಟ್ಸ್, ಜ್ವರದ ಜೊತೆ ನಡುಕ, ಗೊಂದಲ, ಎದೆಬಡಿತ ತಪ್ಪಿ ತಲೆ ತಿರುಗಿ ಬೀಳುವುದು, ಮೂತ್ರ ಕಟ್ಟುವುದು, ಮೈಯೆಲ್ಲ ದದ್ದು ಎದ್ದು ಮುಖ ಊದುವುದು, ನಿದ್ದೆಯೇ ಬೇಡದಂಥ ಅತಿ ಉತ್ಸಾಹ, ಮಿತಿಯಿಲ್ಲದ ಖರ್ಚು, ಎಡೆಬಿಡದ ಮಾತು. ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ತುರ್ತಾದರೆ 108ಕ್ಕೆ ಕರೆ ಮಾಡಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನು ಬೇರೊಬ್ಬರು ಎತ್ತಿಡಿ. ಅಮಿಟ್ರಿಪ್ಟಲಿನ್ ಅತಿಯಾದರೆ ಪ್ರಾಣಕ್ಕೇ ಅಪಾಯ.

ಮುಂದಿನ ಹಬ್ಬಕ್ಕೆ ಊರಿಗೆ ಹೊರಡುವಾಗ ರಜೆಯ ದಿನಗಳನ್ನು ಎಣಿಸಿ, ಅದಕ್ಕೆ ಐದು ಸೇರಿಸಿ, ಅಷ್ಟು ಮಾತ್ರೆ ಮತ್ತು ಡಾಕ್ಟರ ಚೀಟಿಯ ಫೋಟೊ ಜೊತೆಗಿಟ್ಟುಕೊಳ್ಳಿ. ದೊಡ್ಡ ಚೀಲದಲ್ಲಲ್ಲ, ಬಸ್ಸಿನಲ್ಲಿ ಮಡಿಲಲ್ಲಿರುವ ಚೀಲದಲ್ಲಿ. ಮಾತ್ರೆ ಬಿಡಬೇಕೆನಿಸಿದ್ದರೆ ಖಂಡಿತ ಬಿಡಿ, ಆದರೆ ಡಾಕ್ಟರನ್ನು ಕೇಳಿ, ನಿಧಾನವಾಗಿ, ನೀವೇ ಆರಿಸಿಕೊಂಡ ತಿಂಗಳಲ್ಲಿ ಬಿಡಿ. ಮರೆತ ಸ್ಟ್ರಿಪ್ ನಿಮ್ಮ ಪರವಾಗಿ ಆ ತೀರ್ಮಾನ ಮಾಡದಿರಲಿ.